ವಾಲದ ಬೈಕಿಗೆ ಕಾರಿನ ಟೈರು

ಸೈಡ್‌ಕಾರ್ ಕಟ್ಟಿದ ಬೈಕು ತಿರುವಿನಲ್ಲಿ ವಾಲುವುದಿಲ್ಲ. ಹಾಗಿರುವಾಗ ಅದಕ್ಕೆ ವಾಲುವ ಗಾಡಿಯ ಟೈರೇಕೆ ಎಂದು ಕೇಳಿದವರು ಕಟ್ಟಿ ಬೆಳೆಸಿದ ಕಸುಬಿನ ಪರಿಚಯ ಇಲ್ಲಿದೆ.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ (1975) ನೋಡಿದವರಿಗೆ ಸೈಡ್‌ಕಾರ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಜಯ್ ಮತ್ತು ವೀರು ಹಾಡುತ್ತ ಹೋಗುವ ಆ ಹಳೆಯ ಬಿಎಸ್‌ಎ ಗಾಡಿಯಲ್ಲಿ ಎಲ್ಲರ ಕಣ್ಣೂ ಸವಾರರ ಮೇಲೆಯೇ. ಚಕ್ರಗಳನ್ನು ಗಮನಿಸಿದವರಿಗೆ ಮಾತ್ರ ಇನ್ನೊಂದು ಸಂಗತಿ ಕಾಣುತ್ತದೆ. ಪಕ್ಕದ ತೊಟ್ಟಿಲು ಕೂಡಿಕೊಂಡಿರುವಷ್ಟು ಹೊತ್ತು ಬೈಕು ನೆಟ್ಟಗೆ ನಿಂತುಕೊಂಡೇ ತಿರುಗಬೇಕು. ಮೂರನೇ ಚಕ್ರ ಅದನ್ನು ವಾಲಗೊಡುವುದಿಲ್ಲ.

ನೋಡುವವರಿಗೆ ಇದು ಸಣ್ಣ ವ್ಯತ್ಯಾಸ. ಟೈರಿನ ಮಟ್ಟಿಗೆ ಮಾತ್ರ ಗಾಡಿಯ ಜಾತಿಯೇ ಬದಲಾದಂತೆ. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಸೈಡ್‌ಕಾರ್ ಕಟ್ಟುವ ವರ್ಕ್‌ಶಾಪುಗಳು ಬೈಕಿನ ಟೈರು ಬಿಚ್ಚಿ ಕಾರಿನ ರೇಡಿಯಲ್ ಟೈರು ಏರಿಸತೊಡಗಿದ್ದು ಇದೇ ಕಾರಣಕ್ಕೆ.

ದುಂಡು ಮೈ, ಚಪ್ಪಟೆ ಮೈ

ಬೈಕಿನ ಟೈರನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ನೆಲಕ್ಕೆ ತಾಗುವ ಮೈ ಅಂಗಾತ ಇಟ್ಟ ತೆಂಗಿನ ಚಿಪ್ಪಿನ ಹಾಗೆ ದುಂಡಗಿರುತ್ತದೆ. ಸವಾರ ಎಷ್ಟೇ ವಾಲಿದರೂ ರಸ್ತೆಯ ಹಿಡಿತ ತಪ್ಪದಿರಲಿ ಎಂದೇ ಆ ಆಕಾರ. ವಾಲಿದ ಚಕ್ರ ತಾನಾಗಿಯೇ ವಾಲಿದ ಕಡೆಗೆ ಎಳೆಯುತ್ತದೆ. ಬೈಕು ತಿರುಗುವುದು ಬಹುಪಾಲು ಈ ಸೆಳೆತದ ಬಲದಿಂದ. ಕಾರಿನ ಲೆಕ್ಕ ಬೇರೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಕೆಲವು ಡಿಗ್ರಿ ಅಂತರ ಬೀಳುತ್ತದೆ. ಆ ಅಂತರದಲ್ಲಿ ರಬ್ಬರು ತಿರುಚಿಕೊಂಡು ಗಾಡಿಯನ್ನು ಪಕ್ಕಕ್ಕೆ ದೂಡುತ್ತದೆ. ಇದಕ್ಕೆ ಅಗಲವಾದ, ಚಪ್ಪಟೆಯಾದ ಮೈ ಬೇಕು.

ಸೈಡ್‌ಕಾರ್ ಬೈಕು ತಿರುಗುವುದು ಕಾರಿನಂತೆ, ಹಾಕಿಕೊಂಡಿರುವುದು ಬೈಕಿನ ಟೈರು. ಇದರ ದಂಡ ಕಟ್ಟುವುದು ಹಿಂದಿನ ಚಕ್ರ. ಎಂಜಿನ್ನಿನ ಎಳೆತ, ಸವಾರನ ಭಾರ, ಪಕ್ಕದ ಗಾಡಿಯ ಜಗ್ಗಾಟ ಎಲ್ಲವೂ ಟೈರಿನ ನಡುವಿನ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತವೆ. ಅಂಚಿನ ರಬ್ಬರು ಹೊಸದರಂತೆ ಉಳಿದಿರುವಾಗಲೇ ನಡುಭಾಗ ಬೋಳಾಗುತ್ತದೆ. ಭಾರದ ಗಾಡಿಗಳಲ್ಲಿ ಇದಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಸಾಕು.

ರೇಡಿಯಲ್ ರಚನೆ ಇಲ್ಲಿ ಎರಡು ಪಟ್ಟು ಉಪಕಾರಿ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಟೈರಿನಲ್ಲಿ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಹಾಯುತ್ತವೆ. ನೆಲಕ್ಕೆ ತಾಗುವ ಮೈಯ ಕೆಳಗೆ ಬೇರೆಯೇ ಪಟ್ಟಿ ಬಿಗಿದಿರುತ್ತದೆ. ಹೀಗಾಗಿ ತಿರುವಿನಲ್ಲಿ ಪಕ್ಕೆ ಬಳುಕಿದರೂ ಮೈ ರಸ್ತೆಗೆ ಚಪ್ಪಟೆಯಾಗಿಯೇ ಅಂಟಿಕೊಂಡಿರುತ್ತದೆ. ಸವೆತ ಇಡೀ ಅಗಲಕ್ಕೆ ಹಂಚಿಹೋಗುವುದರಿಂದ ಟೈರು ಹಲವು ಪಟ್ಟು ಹೆಚ್ಚು ಬಾಳುತ್ತದೆ.

ಪುಟ್ಟ ಕಾರುಗಳ ಋಣ

ಯಾವ ಕಾರಿನ ಟೈರಾದರೂ ಆಗುವುದಿಲ್ಲ. ತೀರ ಅಗಲವಾದರೆ ಹಿಂಚಕ್ರವನ್ನು ಹಿಡಿದಿರುವ ತೋಳಿಗೆ (ಸ್ವಿಂಗ್ ಆರ್ಮ್) ಉಜ್ಜುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಬೇಕಾದ್ದು ಕಿರಿದಾದ, ಆದರೆ ತಕ್ಕಮಟ್ಟಿಗೆ ಎತ್ತರವಾದ ಟೈರು. ಅಂಥದ್ದು ಸಿಕ್ಕಿದ್ದು ಸಿಟ್ರೊಯೆನ್ ಕಂಪನಿಯ ಟೂ ಸಿವಿ ಎಂಬ ಬಡವರ ಕಾರಿನಲ್ಲಿ. 125 ಮಿಲಿಮೀಟರ್ ಅಗಲ, 15 ಇಂಚಿನ ರಿಮ್ಮಿನ ಅದರ ಟೈರು ಸೈಡ್‌ಕಾರಿಗೆಂದೇ ಮಾಡಿದಂತಿತ್ತು. ಭಾರದ ಸಂಕೇತ 68 ಇರುವ ಅಂಥ ಒಂದು ಟೈರು 315 ಕಿಲೋ ಹೊರಬಲ್ಲದು. ಸೈಡ್‌ಕಾರ್ ಗಾಡಿಯ ಒಂದು ಚಕ್ರಕ್ಕೆ ಇಷ್ಟು ಧಾರಾಳ.

ಟೂ ಸಿವಿಯ ತಯಾರಿಕೆ 1990ರಲ್ಲಿ ನಿಂತಿತು. ಕಾರುಗಳು ದಪ್ಪಗಾದಂತೆ ಟೈರುಗಳೂ ಅಗಲವಾಗುತ್ತ ಹೋದವು. ಆ ಹೊತ್ತಿಗೆ, 1998ರಲ್ಲಿ, ಇಬ್ಬರು ಕೂರುವ ಸ್ಮಾರ್ಟ್ ಕಾರು ಬಂತು. ಅದರ ಮುಂಚಕ್ರದ 135/70 ಆರ್ 15 ಅಳತೆ ಸೈಡ್‌ಕಾರ್ ಕಟ್ಟುವವರಿಗೆ ಹೊಸ ಆಸರೆಯಾಯಿತು. ಕಾರಿನ ಡಿಕ್ಕಿಯಲ್ಲಿರುವ ತೆಳು ಸ್ಟೆಪ್ನಿ ಅಗಲದಲ್ಲಿ ಹೊಂದುತ್ತದಾದರೂ ಅದು ಗಂಟೆಗೆ 80 ಕಿಲೋಮೀಟರ್ ಮೀರದೆ ಪಂಕ್ಚರ್ ಅಂಗಡಿಯವರೆಗೆ ಹೋಗಲು ಮಾಡಿದ್ದು, ದಿನಬಳಕೆಗಲ್ಲ.

ನಮ್ಮ ಟಾಟಾ ನ್ಯಾನೊದ ಮುಂದಿನ ಟೈರೂ 135 ಮಿಲಿಮೀಟರ್ ಅಗಲದ್ದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಗಲ ಸರಿ, ರಿಮ್ಮು 12 ಇಂಚಿನದು. ಇಡೀ ಚಕ್ರದ ಎತ್ತರ 50 ಸೆಂಟಿಮೀಟರಿಗೂ ಕಡಿಮೆ. ದೊಡ್ಡ ಬೈಕಿಗೆ ಹಾಕಿದರೆ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಒಂದನ್ನು ಎಳೆದರೆ ಹತ್ತು

ಕೆಲಸದ ನಿಜವಾದ ಕಷ್ಟ ಟೈರು ಕೈಗೆ ಬಂದ ಮೇಲೆ ಶುರುವಾಗುತ್ತದೆ. ಬೈಕಿನ ರಿಮ್ಮು ಕಿರಿದು, ಅದರ ಅಂಚಿನ ಆಕಾರವೂ ಬೇರೆ. ಕಾರಿನ ಟೈರು ಅದರ ಮೇಲೆ ಭದ್ರವಾಗಿ ಕೂರುವುದಿಲ್ಲ. ಆದ್ದರಿಂದ ಕಾರಿನ ಅಳತೆಯ ರಿಮ್ಮನ್ನು ಬೈಕಿನ ಹಬ್ಬಿಗೆ ಹೊಂದಿಸಿ ಹೊಸ ಚಕ್ರವನ್ನೇ ಕಟ್ಟಬೇಕು. ವಾಲದ ಗಾಡಿಯಲ್ಲಿ ಪ್ರತಿ ತಿರುವಿನ ಒತ್ತಡವೂ ಚಕ್ರವನ್ನು ಅಡ್ಡಕ್ಕೆ ತಳ್ಳುತ್ತದೆ. ಹಿಡಿತ ಹೆಚ್ಚಾದ ಮೇಲಂತೂ ತೆಳು ಸ್ಪೋಕುಗಳು ಸಡಿಲಗೊಳ್ಳುವ, ಮುರಿಯುವ ಭಯ. ಹಾಗಾಗಿ ಗಟ್ಟಿ ಲೋಹದ ಚಕ್ರವನ್ನೇ ಹೆಚ್ಚಿನವರು ಆರಿಸಿಕೊಳ್ಳುತ್ತಾರೆ. ಟ್ಯೂಬಿನ ತಾಪತ್ರಯವೂ ಅಲ್ಲಿಗೆ ತೀರುತ್ತದೆ.

ಚಕ್ರ ಬದಲಾದರೆ ಗೇರಿನ ಲೆಕ್ಕವೂ ಬದಲಾಗುತ್ತದೆ. ರಷ್ಯಾದ ಉರಾಲ್ ಗಾಡಿಯನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಬಿಎಂಡಬ್ಲ್ಯು ಆರ್ 71 ಮಾದರಿಯನ್ನು ಅನುಸರಿಸಿ ಹುಟ್ಟಿ, ಇರ್ಬಿತ್ ಪಟ್ಟಣದಲ್ಲಿ ಬೆಳೆದ ಈ ಗಾಡಿಯ ಮೂರೂ ಚಕ್ರಗಳು 19 ಇಂಚಿನವು. ಒಂದರ ಜಾಗಕ್ಕೆ ಇನ್ನೊಂದು ಹಾಕಬಹುದು. ಅದರ ಚಕ್ರ ಟೈರೂ ಸೇರಿ ಸುಮಾರು 68 ಸೆಂಟಿಮೀಟರ್ ಎತ್ತರ. 125/80 ಆರ್ 15 ಟೈರಿನದು 58. ಬದಲಿಸಿದರೆ ಗಾಡಿ 5 ಸೆಂಟಿಮೀಟರ್ ಕೆಳಗಿಳಿಯುತ್ತದೆ, ಅದೇ ವೇಗಕ್ಕೆ ಎಂಜಿನ್ ಆರನೇ ಒಂದು ಪಾಲಿನಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ಪಕ್ಕದ ಭಾರ ಎಳೆಯಲು ಇದು ಸ್ವಲ್ಪಮಟ್ಟಿಗೆ ಒಳ್ಳೆಯದೇ. ಹೆದ್ದಾರಿಯಲ್ಲಿ ಓಡಿಸುವವರು ಮಾತ್ರ ಹಿಂದಿನ ಗೇರಿನ ಹಲ್ಲಿನ ಲೆಕ್ಕ ಬದಲಿಸಿಕೊಳ್ಳಬೇಕು.

ಇನ್ನು ಮುಂದಿನ ಫೋರ್ಕು. ಸಾಮಾನ್ಯ ಬೈಕಿನ ಟೆಲಿಸ್ಕೋಪಿಕ್ ಫೋರ್ಕು ಅಡ್ಡ ಒತ್ತಡಕ್ಕೆ ಬಾಗುತ್ತದೆ. ಹ್ಯಾಂಡಲ್ ತಿರುಗಿಸಲು ತೋಳಿನ ಬಲವೂ ಹೆಚ್ಚು ಬೇಕು. ಅದನ್ನು ತೆಗೆದು ‘ಲೀಡಿಂಗ್ ಲಿಂಕ್’ ಫೋರ್ಕು ಹಾಕುವುದು ವಾಡಿಕೆ. ಕೆಳಗೊಂದು ಆಡುವ ತೋಳು, ಅದರ ಮುಂತುದಿಯಲ್ಲಿ ಚಕ್ರದ ಆಕ್ಸಲ್. ಇಂಗ್ಲೆಂಡಿನ ಅರ್ನೆಸ್ಟ್ ಅರ್ಲ್ಸ್ ರೂಪಿಸಿದ ಇಂಥದ್ದೊಂದು ಫೋರ್ಕನ್ನು ಬಿಎಂಡಬ್ಲ್ಯು 1955ರಿಂದ 1969ರವರೆಗೆ ತನ್ನ ಬೈಕುಗಳಿಗೆ ಹಾಕಿತ್ತು. ನೆದರ್ಲೆಂಡ್ಸ್‌ನ ಇಎಂಎಲ್, ಇಝಡ್‌ಎಸ್‌ನಂಥ ಸಂಸ್ಥೆಗಳು ಹೆಸರು ಮಾಡಿದ್ದು ಫೋರ್ಕು, ಚಕ್ರ, ಚೌಕಟ್ಟು, ತೊಟ್ಟಿಲು ಎಲ್ಲವನ್ನೂ ಒಂದೇ ಯೋಜನೆಯಲ್ಲಿ ಕಟ್ಟಿಕೊಡುವುದರಲ್ಲಿ. ಜರ್ಮನಿಯಲ್ಲಿ ಇಂಥ ಪ್ರತಿ ಬದಲಾವಣೆಯನ್ನೂ ತಜ್ಞರು ಪರೀಕ್ಷಿಸಿ, ಗಾಡಿಯ ಕಾಗದದಲ್ಲಿ ದಾಖಲಿಸಿದ ಮೇಲೆಯೇ ರಸ್ತೆಗೆ ಇಳಿಸಬೇಕು.

ಸೀಮೆಸುಣ್ಣದ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಉಳಿಯುವುದು ಅಲೈನ್‌ಮೆಂಟ್. ಪಕ್ಕದ ಚಕ್ರದ ಮುಂಭಾಗ ಬೈಕಿನ ಕಡೆಗೆ ಒಂದೆರಡು ಸೆಂಟಿಮೀಟರಿನಷ್ಟು ಮುಖಮಾಡಿರಬೇಕು. ಇಲ್ಲವಾದರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ಬೈಕನ್ನು ಹೊರಕ್ಕೆ ಒಂದೆರಡು ಡಿಗ್ರಿ ವಾಲಿಸಿ ನಿಲ್ಲಿಸುವುದು ಹಳೆಯ ರೂಢಿ. ದುಂಡು ಟೈರು ಅದನ್ನು ಸಹಿಸಿಕೊಳ್ಳುತ್ತಿತ್ತು, ಚಪ್ಪಟೆ ಟೈರು ಸಹಿಸುವುದಿಲ್ಲ. ಒಂದು ಡಿಗ್ರಿ ತಪ್ಪಿದರೂ ಒಂದೇ ಅಂಚು ಸವೆದುಹೋಗುತ್ತದೆ. ಗಾಳಿಯದೂ ಇದೇ ಕಥೆ: ಕಾರಿಗೆ ಹೊಡೆಸುವಷ್ಟು ಹೊಡೆಸಿದರೆ ಹಗುರ ಗಾಡಿಯಲ್ಲಿ ಟೈರು ಉಬ್ಬಿ ಮತ್ತೆ ನಡುಭಾಗವೇ ತೇಯುತ್ತದೆ. ಅದನ್ನು ಕಂಡುಹಿಡಿಯುವ ಉಪಾಯ ಸರಳ. ಟೈರಿನ ಅಡ್ಡಕ್ಕೆ ಸೀಮೆಸುಣ್ಣದಲ್ಲೊಂದು ಗೆರೆ ಎಳೆದು, ಮಾಮೂಲಿನಷ್ಟು ಭಾರ ಹೇರಿ, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡುವುದು. ಗೆರೆ ಇಡೀ ಅಗಲಕ್ಕೆ ಒಂದೇ ಸಮ ಅಳಿಸಿದ್ದರೆ ಗಾಳಿಯೂ ನಿಲುವೂ ಸರಿ.

ಈ ಶ್ರಮಕ್ಕೆ ಬೆಲೆ ಸಿಗುವುದು ಚಳಿಗಾಲದಲ್ಲಿ. 1956ರಲ್ಲಿ ಶುರುವಾದ, ಈಗ ಬವೇರಿಯಾದ ಕಾಡಿನ ಹಿಮದಲ್ಲಿ ನಡೆಯುವ ಎಲೆಫಾಂಟೆನ್‌ಟ್ರೆಫೆನ್ ಎಂಬ ಬೈಕು ಜಾತ್ರೆಗೆ ಸೈಡ್‌ಕಾರ್ ಸವಾರರು ಗುಂಪುಗುಂಪಾಗಿ ಬರುತ್ತಾರೆ. ಕಾರಿನ ಅಳತೆಯ ಚಕ್ರ ಇರುವವರಿಗೆ ಕಾರಿನ ಹಿಮದ ಟೈರುಗಳೂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ಬೈಕಿನ ಅಳತೆಯಲ್ಲಿ ಆಯ್ಕೆ ಬಹಳ ಕಡಿಮೆ.

ಯಾರಿಗೆ ಬೇಕು, ಯಾರಿಗೆ ಬೇಡ

ಹಿಡಿತ ಹೆಚ್ಚಾದಷ್ಟೂ ಒಳ್ಳೆಯದೇ ಎಂದು ತಿಳಿಯಬಾರದು. ಬೈಕಿನ ಟೈರು ಮಿತಿ ಮೀರಿದಾಗ ಜಾರುತ್ತದೆ, ಸವಾರನಿಗೆ ಮುನ್ಸೂಚನೆ ಸಿಗುತ್ತದೆ. ಕಾರಿನ ಟೈರು ಜಾರದೆ ಕಚ್ಚಿಕೊಂಡರೆ, ಸೈಡ್‌ಕಾರ್ ಇರುವ ಕಡೆಗೆ ತಿರುಗುವಾಗ ಖಾಲಿ ತೊಟ್ಟಿಲು ನೆಲ ಬಿಟ್ಟು ಮೇಲೇಳುತ್ತದೆ. ಇನ್ನು ಒಂಟಿ ಬೈಕಿಗೆ ಕಾರಿನ ಟೈರು ಹಾಕುವ ಸಾಹಸ ಬೇರೆಯೇ ಮಾತು: ಅದು ವಾಲಲೇಬೇಕಾದ ಗಾಡಿ, ಅಲ್ಲಿ ಚಪ್ಪಟೆ ಮೈಗೆ ಕೆಲಸವಿಲ್ಲ.

ನಮ್ಮ ದೇಶದಲ್ಲಿ ಸೈಡ್‌ಕಾರ್ ಎಡಕ್ಕೆ ಕೂರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(27), ಬಿಚ್ಚಬಹುದಾದ ಸೈಡ್‌ಕಾರ್ ಕೂಡಿದ ಗಾಡಿಯನ್ನೂ ಮೋಟಾರ್‌ಸೈಕಲ್ ಎಂದೇ ಗಣಿಸುತ್ತದೆ. ಹಾಗೆಂದು ಮನಸ್ಸಿಗೆ ಬಂದಂತೆ ಕತ್ತರಿಸಿ ಬೆಸೆಯುವಂತಿಲ್ಲ. ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಸೆಕ್ಷನ್ 52 ತಡೆಯುತ್ತದೆ. ಚಕ್ರಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯ ಬಾಗಿಲು ತಟ್ಟಬೇಕು.

ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಊರಲ್ಲಿ ಮೆಲ್ಲಗೆ ಸುತ್ತುವ ಎನ್‌ಫೀಲ್ಡ್ ಸೈಡ್‌ಕಾರಿಗೆ ಇಷ್ಟೆಲ್ಲ ಬೇಡ. ವರ್ಷಕ್ಕೊಂದು ಮಾಮೂಲಿ ಟೈರು ಬದಲಿಸುವುದೇ ಅಗ್ಗ. ಭಾರ ಹೇರಿ, ದೂರ ಹೋಗಿ, ಮತ್ತೆಂದೂ ಸೈಡ್‌ಕಾರ್ ಬಿಚ್ಚದವರಿಗಾಗಿ ಹುಟ್ಟಿದ ಕಸುಬು ಇದು. ಅವರೂ ಟೈರಿನ ಅಂಗಡಿಗೆ ಕೊನೆಯಲ್ಲಿ ಹೋಗುವುದು ಲೇಸು. ಮೊದಲು ಫೋರ್ಕು, ಆಮೇಲೆ ಚಕ್ರ. ಅವೆರಡೂ ಗಟ್ಟಿಯಾಗಿದ್ದರೆ ಮಾತ್ರ ಕಾರಿನ ಟೈರಿಗೆ ಅರ್ಥ.