ಕಾಣದ ಕಣದ ಶಕ್ತಿಯನ್ನು ಅಳೆಯುವ ಬಗೆ

ಕಣದಲ್ಲಿ ಜೋಳ ತೂರುವ ರೈತನು ಗಾಳಿಯನ್ನು ಕಂಡವನಲ್ಲ. ಹೊಟ್ಟು ಎಷ್ಟು ದೂರ ಹಾರಿ ಬಿದ್ದಿತೆಂಬುದರಿಂದ ಗಾಳಿಯ ಬಲವನ್ನು ಅರಿಯುತ್ತಾನೆ. ನ್ಯೂಟ್ರಾನಿನ ಶಕ್ತಿಯನ್ನು ಅಳೆಯುವ ಬಗೆಯೂ ಇಂಥದೇ.

ಅನಿಲ ತುಂಬಿದ ಶೋಧಕವೆಂದರೆ ಎರಡು ವಿದ್ಯುದ್ವಾರಗಳುಳ್ಳ ಮುಚ್ಚಿದ ಕೋಶ. ವಿದ್ಯುದಾವೇಶವುಳ್ಳ ಕಣವು ಅದರಲ್ಲಿ ಹಾಯ್ದಾಗ ಅನಿಲದಲ್ಲಿ ಅಯಾನು ಜೋಡಿಗಳು ಹುಟ್ಟುತ್ತವೆ. ಮರಾಠಿ ಶಾಲೆಯಿಂದ ಬಂದ ವಿದ್ಯಾರ್ಥಿಗಳು ಬಲ್ಲ ‘ಪ್ರಭಾರ’ವೇ ಈ ಆವೇಶ. ಒಂದು ಜೋಡಿಗೆ ವ್ಯಯವಾಗುವ ಶಕ್ತಿ ಸರಿಸುಮಾರು 35 ಇಲೆಕ್ಟ್ರಾನ್ ವೋಲ್ಟ್. ಆದ್ದರಿಂದ ಜೋಡಿಗಳನ್ನು ಎಣಿಸಿದರೆ ಕಣದ ಶಕ್ತಿ ತಿಳಿಯುತ್ತದೆ. ಆದರೆ ನ್ಯೂಟ್ರಾನಿಗೆ ಆವೇಶವಿಲ್ಲ. ಅದು ಬೀಜಕೇಂದ್ರವೊಂದಕ್ಕೆ ಡಿಕ್ಕಿ ಹೊಡೆದಾಗ, ಸಿಡಿದ ಬೀಜಕೇಂದ್ರವೇ ಅದರ ಪರವಾಗಿ ಸಾಕ್ಷಿ ನುಡಿಯಬೇಕು.

1932ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೇಮ್ಸ್ ಚಾಡ್ವಿಕ್ ಈ ಸಾಕ್ಷ್ಯವನ್ನೇ ನೆಚ್ಚಿದರು. ಬೆರಿಲಿಯಮ್‌ನಿಂದ ಹೊಮ್ಮಿದ ವಿಕಿರಣವು ಪ್ಯಾರಾಫಿನ್ ಮೇಣದಿಂದ ಪ್ರೋಟಾನುಗಳನ್ನು ಸಿಡಿಸುತ್ತಿತ್ತು. ಅದು ಗಾಮಾ ಕಿರಣವಾಗಿದ್ದರೆ ಅದರ ಶಕ್ತಿ ಸುಮಾರು 5.2 ಕೋಟಿ ಇಲೆಕ್ಟ್ರಾನ್ ವೋಲ್ಟ್ ಇರಬೇಕಿತ್ತು. ಅಂಥ ಕಿರಣ ತಾಗಿದ ನೈಟ್ರೋಜನ್ ಬೀಜಕೇಂದ್ರವು ಸುಮಾರು 10,000ಕ್ಕಿಂತ ಹೆಚ್ಚು ಜೋಡಿಗಳನ್ನು ಹುಟ್ಟಿಸಲಾರದು. ಕೋಶದಲ್ಲಿ ಕೆಲವು ಬೀಜಕೇಂದ್ರಗಳು ಹುಟ್ಟಿಸಿದ ಜೋಡಿಗಳಾದರೋ ಕನಿಷ್ಠ 30,000. ಹಾಗಾದರೆ ಶಕ್ತಿಯ ಸಂರಕ್ಷಣಾ ನಿಯಮವನ್ನೇ ಕೈಬಿಡಬೇಕು, ಇಲ್ಲವೇ ಪ್ರೋಟಾನಿನಷ್ಟೇ ತೂಕದ, ಆವೇಶರಹಿತ ಹೊಸ ಕಣವನ್ನು ಒಪ್ಪಬೇಕು. ಚಾಡ್ವಿಕ್ ಎರಡನೆಯದನ್ನು ಒಪ್ಪಿದರು. 1935ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಗೋಲಿಯಾಟದಲ್ಲಿ ನೇರವಾಗಿ ತಾಗಿದ ಗೋಲಿ ತನ್ನ ವೇಗವನ್ನೆಲ್ಲ ಎದುರಿನ ಗೋಲಿಗೆ ಒಪ್ಪಿಸಿ ನಿಲ್ಲುತ್ತದೆ. ಓರೆಯಾಗಿ ತಾಗಿದರೆ ಕೊಂಚವೇ ಕೊಡುತ್ತದೆ. ನ್ಯೂಟ್ರಾನ್ ಮತ್ತು ಪ್ರೋಟಾನುಗಳ ತೂಕ ಬಹುತೇಕ ಸಮವಾದ್ದರಿಂದ ಅಲ್ಲಿಯೂ ಹಾಗೆಯೇ. ಒಂದೇ ಡಿಕ್ಕಿಯಿಂದ ಶಕ್ತಿ ತಿಳಿಯದು; ಸಾವಿರಾರು ಡಿಕ್ಕಿಗಳಲ್ಲಿ ಗರಿಷ್ಠ ಮಿತಿ ಎಲ್ಲಿದೆಯೆಂದು ನೋಡಬೇಕು.

ಹೀಲಿಯಮ್-3 ತುಂಬಿದ ಕೋಶದಲ್ಲಿ ಈ ತೊಡಕು ಕಡಿಮೆ. ಅಲ್ಲಿ ಬೀಜಕೇಂದ್ರವು ನ್ಯೂಟ್ರಾನನ್ನು ನುಂಗಿ ಪ್ರೋಟಾನ್ ಹಾಗೂ ಟ್ರೈಟಾನ್ ಆಗಿ ಒಡೆಯುತ್ತದೆ. 764 ಕಿಲೋ ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬರುತ್ತದೆ. ಒಟ್ಟು 1764 ದಾಖಲಾದರೆ ನ್ಯೂಟ್ರಾನ್ ತಂದದ್ದು 1000. ಅತಿ ನಿಧಾನದ ನ್ಯೂಟ್ರಾನುಗಳಾದರೆ ಪ್ರತಿಸಲವೂ 764 ಮಾತ್ರ. ಆಗ ಅವುಗಳನ್ನು ಎಣಿಸಬಹುದೇ ಹೊರತು ಶಕ್ತಿಯನ್ನು ಅಳೆಯಲಾಗದು.

ಸಿಡಿದ ಕಣವು ಅನಿಲದಲ್ಲಿ ನಿಲ್ಲುವ ಮುನ್ನ ಗೋಡೆಗೆ ಬಡಿದರೆ ಅಳತೆ ಕಡಿಮೆ ಬರುತ್ತದೆ. ಆದ್ದರಿಂದಲೇ ಅನಿಲವನ್ನು ಒತ್ತಿ ತುಂಬುತ್ತಾರೆ. ಹೊಟ್ಟು ಪಕ್ಕದ ಗೋಡೆಗೆ ತಾಗಿ ಬಿದ್ದರೆ ಗಾಳಿಯ ಬಲ ಹೇಗೆ ತಿಳಿದೀತು?