ಬಿಸಿಲು ಕಡೆದು ತಂಪು

ಬಿಸಿಲಿಗೆ ಬಡತನವಿಲ್ಲದ ಸೀಮೆ ನಮ್ಮದು. ಯುಗಾದಿ ಕಳೆದು ಮುಂಗಾರಿನ ಮೊದಲ ಮೋಡ ಕಾಣಿಸುವವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರಾಂತಗಳ ಬಂಡೆಗಳೂ ಬಯಲುಗಳೂ ಕಾದ ಹಂಚಿನಂತಿರುತ್ತವೆ. ಉಷ್ಣಮಾನ 40 ಡಿಗ್ರಿಯನ್ನು ದಾಟಿತೆಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೂ ನೋಡುವ ಕಣ್ಣುಳ್ಳವನಿಗೆ ಈ ನೆಲ ಸಂಚಾರಕ್ಕೆ ಕರೆಯುತ್ತಲೇ ಇರುತ್ತದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣವೇ ಇಂದಿನ ಕೊಪ್ಪಳ. ಅಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳುಂಟು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವುಂಟು. ಗಂಗಾವತಿಯ ಕಡೆ ಹಿರೇಬೆಣಕಲ್ಲಿನ ಶಿಲಾಸಮಾಧಿಗಳೂ ಆನೆಗೊಂದಿಯ ಕೋಟೆಯೂ ಉಂಟು. ಇವನ್ನೆಲ್ಲ ಆತುರವಿಲ್ಲದೆ ನೋಡಬೇಕೆನ್ನುವವರು ಈಗ ಜೀಪು, ವ್ಯಾನುಗಳಲ್ಲಿಯೇ ಅಡುಗೆ, ಹಾಸಿಗೆಗಳನ್ನು ಹೇರಿಕೊಂಡು ಮೂರು ನಾಲ್ಕು ದಿನಗಳ ಪ್ರಯಾಣಕ್ಕೆ ಹೊರಡುವುದನ್ನು ಕಾಣುತ್ತೇವೆ.

ಅಂಥ ಪ್ರಯಾಣದಲ್ಲಿ ಹಾಲು ಒಡೆದರೆ ಚಹಾ ತಪ್ಪೀತು, ಮೊಸರು ಹುಳಿಯಾದರೆ ಮಜ್ಜಿಗೆ ಮಾಡಿಕೊಂಡೇವು. ಆದರೆ ವಾಹನದಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿದ್ದರೆ ಮಾತು ಬೇರೆಯಾಗುತ್ತದೆ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಗಾಳಿ ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ 20 ಡಿಗ್ರಿಯಷ್ಟು ಏರಬಲ್ಲುದು. ಹೊರಗೆ 40 ಇದ್ದರೆ ಒಳಗೆ 60! ಕಾದು ಕೆಟ್ಟ ಔಷಧ ನೋಡುವುದಕ್ಕೆ ಒಳ್ಳೆಯದರಂತೆಯೇ ಇರಬಹುದು. ಕೆಟ್ಟಿತೆಂಬುದು ತಿಳಿಯುವುದು ರೋಗಿಯ ದೇಹದಲ್ಲಿ. ಕುರಿಗಳಿಗೆ ಹಾಕುವ ಲಸಿಕೆಯನ್ನು ಹೊತ್ತು ದೂರದ ಹಟ್ಟಿಗೆ ಹೋಗುವ ಪಶುವೈದ್ಯರ ಚಿಂತೆಯೂ ಇದೇ. ಆದುದರಿಂದ ವಾಹನದಲ್ಲಿ ತಂಪನ್ನು ಕಾಯ್ದುಕೊಳ್ಳುವ ವಿದ್ಯೆ ಬರಿಯ ವಿಲಾಸದ ಮಾತಲ್ಲ.

ಎರಡು ಬಗೆಯ ಪೆಟ್ಟಿಗೆಗಳು

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿಯದೆ ಇರಲಿಲ್ಲ. ಲಾರಿ, ಜೀಪುಗಳ ಮೂತಿಗೆ ಕಟ್ಟುತ್ತಿದ್ದ ಕ್ಯಾನ್ವಾಸಿನ ನೀರುಚೀಲವನ್ನು ಹಳಬರು ಬಲ್ಲರು. ಚೀಲದಿಂದ ಜಿನುಗಿದ ನೀರು ಗಾಳಿಗೆ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಮಣ್ಣಿನ ಕೊಡದ ಗುಟ್ಟೂ ಅದೇ. ನಮ್ಮ ಬೇಸಗೆಯ ಒಣಗಾಳಿಯಲ್ಲಿ ಈ ಉಪಾಯ ಕರಾವಳಿಗಿಂತ ಚೆನ್ನಾಗಿ ನಡೆಯುತ್ತದೆ. ಆದರೆ ಎಷ್ಟು ನಡೆದರೂ ಅದು ಕುಡಿಯುವ ನೀರಿಗೆ ಸಾಕು, ಔಷಧಕ್ಕೆ ಸಾಲದು. ಹಣವಂತರಿಗೆ ಇನ್ನೊಂದು ದಾರಿಯಿತ್ತು: 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಹೇರಿ ತಂದ ಕೆರೆಯ ಮಂಜುಗಡ್ಡೆ ಕಲ್ಕತ್ತೆಯಲ್ಲಿ ಮಾರಾಟವಾಯಿತು.

ಅದರ ಮರುವರ್ಷ, 1834ರಲ್ಲಿ, ಇಂದಿನ ಎರಡು ಬಗೆಯ ಶೀತಪೆಟ್ಟಿಗೆಗಳ ಬೀಜಗಳೂ ಬಿದ್ದವು. ಫ್ರಾನ್ಸಿನ ಪೆಲ್ಟಿಯೆ ಎಂಬಾತನು ಎರಡು ಲೋಹಗಳ ಸಂಧಿಯಲ್ಲಿ ವಿದ್ಯುತ್ತನ್ನು ಹರಿಸಿದರೆ ಒಂದು ಕಡೆ ತಂಪೂ ಇನ್ನೊಂದು ಕಡೆ ಬಿಸಿಯೂ ಹುಟ್ಟುವುದನ್ನು ಕಂಡನು. ಲಂಡನ್ನಿನಲ್ಲಿದ್ದ ಜೇಕಬ್ ಪರ್ಕಿನ್ಸನು ದ್ರವವೊಂದನ್ನು ಆವಿಯಾಗಿಸಿ, ಆ ಆವಿಯನ್ನು ಒತ್ತಿ ಮತ್ತೆ ದ್ರವವಾಗಿಸುವ ಯಂತ್ರಕ್ಕೆ ಪೇಟೆಂಟು ಕೇಳಿದನು.

ಅಂಗಡಿಗೆ ಹೋದಾಗ ಈ ಎರಡರ ನಡುವಿನ ಅಂತರ ನೆನಪಿರಬೇಕು. ಕಡಿಮೆ ಬೆಲೆಗೆ ಸಿಗುವ ಹಗುರವಾದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಪೆಲ್ಟಿಯೆಯ ಸಂತಾನ. ಅವು ಸುತ್ತಲಿನ ಗಾಳಿಗಿಂತ 15ರಿಂದ 20 ಡಿಗ್ರಿಯಷ್ಟು ಮಾತ್ರ ಕೆಳಗಿಳಿಯಬಲ್ಲವು. ಬೆಂಗಳೂರಿನ ತಂಪಿನಲ್ಲಿ ಅದು ನಡೆದೀತು. ಕುಷ್ಟಗಿಯ ಮೇ ತಿಂಗಳಿನಲ್ಲಿ 42ರಿಂದ 20 ಕಳೆದರೆ ಉಳಿಯುವುದು 22. ನಮ್ಮ ಸೀಮೆಗೆ ಬೇಕಾದುದು ಪರ್ಕಿನ್ಸನ ಸಂತಾನ, ಅಂದರೆ ಕಂಪ್ರೆಸರ್ ಇರುವ, 12 ಅಥವಾ 24 ವೋಲ್ಟಿನಲ್ಲಿ ನೇರವಾಗಿ ನಡೆಯುವ ಪೆಟ್ಟಿಗೆ. ಅದರ ಹವಾಮಾನ ದರ್ಜೆಯನ್ನೂ ನೋಡಿಕೊಳ್ಳಬೇಕು. ‘ಟಿ’ ಎಂದಿದ್ದರೆ ಸುತ್ತಲಿನ ಉಷ್ಣಮಾನ 43 ಡಿಗ್ರಿಯವರೆಗೆ ಅದು ಕೆಲಸ ಮಾಡುತ್ತದೆಂದು ಅರ್ಥ. ಅದಕ್ಕಿಂತ ಕೆಳಗಿನ ದರ್ಜೆಯದು ನಮಗೆ ಸಲ್ಲದು.

ಅಣೆಕಟ್ಟಿನ ಪಾಠ

ಇನ್ನು ವಿದ್ಯುತ್ತಿನ ಮಾತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಸಿಲಿಕಾನಿನ ಸೌರಕೋಶವನ್ನು ಲೋಕಕ್ಕೆ ತೋರಿಸಿತು. ಇಂದು ಹೊಲದ ಪಂಪಿಗೂ ಬೀದಿಯ ದೀಪಕ್ಕೂ ಸೋಲಾರ್ ಪ್ಲೇಟು ಬಂದಿದೆ. ವಾಹನದ ನೆತ್ತಿಯ ಮೇಲೂ ಅದನ್ನು ಕೂರಿಸಬಹುದು. ಆದರೆ ಪ್ಲೇಟು ಕೊಂಡಮಾತ್ರಕ್ಕೆ ತಂಪು ಹುಟ್ಟುವುದಿಲ್ಲ. ಇದನ್ನು ತಿಳಿಯಲು ನಮ್ಮವರಿಗೆ ತುಂಗಭದ್ರೆಯ ಅಣೆಕಟ್ಟಿಗಿಂತ ಒಳ್ಳೆಯ ಉದಾಹರಣೆ ಬೇಡ.

ಮಳೆ ಬೀಳುವುದು ಕೆಲವೇ ತಿಂಗಳು. ಬೆಳೆಗೆ ನೀರು ಬೇಕಾದುದು ಅದನ್ನು ಮೀರಿದ ಕಾಲಕ್ಕೂ. 1953ರಲ್ಲಿ ನದಿಗೆ ಕಟ್ಟೆ ಕಟ್ಟಿ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ವಾಹನದಲ್ಲಿಯೂ ಹಾಗೆಯೇ. ಬಿಸಿಲು ಮಳೆಯಿದ್ದಂತೆ, ಬ್ಯಾಟರಿ ಜಲಾಶಯವಿದ್ದಂತೆ, ತಂತಿ ಕಾಲುವೆಯಿದ್ದಂತೆ. ಪ್ಲೇಟಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರು ತೂಬಿದ್ದಂತೆ. ಗಟ್ಟಿಯಾದ ಬಿಸಿಲು ದಿನಕ್ಕೆ ಐದು ಗಂಟೆಯಾದರೆ ಪೆಟ್ಟಿಗೆಗೆ ತಂಪು ಬೇಕಾದುದು 24 ಗಂಟೆ.

ಲೆಕ್ಕ ಹೀಗೆ. 40 ಲೀಟರಿನ ಕಂಪ್ರೆಸರ್ ಪೆಟ್ಟಿಗೆ ನಡೆಯುವಾಗ ಸುಮಾರು 50 ವಾಟ್ ಎಳೆಯುತ್ತದೆ. ಅದು ಸದಾ ನಡೆಯುವುದಿಲ್ಲ. ತಂಪಾದೊಡನೆ ನಿಂತು, ಬೆಚ್ಚಗಾದೊಡನೆ ಏಳುತ್ತದೆ. ನಮ್ಮ ಬೇಸಗೆಯಲ್ಲಿ ದಿನದ ಅರ್ಧ ಕಾಲ ನಡೆಯಿತೆಂದು ಹಿಡಿದರೆ 12 ಗಂಟೆಗೆ 600 ವಾಟ್-ಗಂಟೆ. ದೀಪ, ಮೊಬೈಲುಗಳಿಗೆ ಇನ್ನೊಂದು 60 ಸೇರಿಸೋಣ. ಮನೆಯ ಮೀಟರಿನ ಒಂದು ಯೂನಿಟ್ ಎಂದರೆ 1000 ವಾಟ್-ಗಂಟೆ; ಅಂದಮೇಲೆ ನಮ್ಮ ಖರ್ಚು ದಿನಕ್ಕೆ ಮುಕ್ಕಾಲು ಯೂನಿಟ್ಟಿಗೂ ಕಡಿಮೆ. ಇದಕ್ಕೆ 200 ವಾಟಿನ ಪ್ಲೇಟು ಬೇಕು. ಐದು ಗಂಟೆಗೆ 1000 ವಾಟ್-ಗಂಟೆ ಬರಬೇಕಾದುದು ನಿಜ. ಆದರೆ ಶಾಖ, ಧೂಳು, ಚಪ್ಪಟೆಯಾಗಿ ಮಲಗಿರುವುದು, ತಂತಿಯ ನಷ್ಟ ಎಲ್ಲವೂ ಕಂದಾಯ ವಸೂಲು ಮಾಡಿದ ಮೇಲೆ ಕೈಗೆ ಸಿಗುವುದು 700ರಷ್ಟು. ಖರ್ಚು 660, ಆದಾಯ 700. ಸಂಸಾರ ತೂಗಿಸಬಹುದು, ದುಂದಿಗೆ ಎಡೆಯಿಲ್ಲ.

ಬ್ಯಾಟರಿಯ ವಿಚಾರದಲ್ಲಿ ಹೆಸರಿನ ಗಾತ್ರಕ್ಕೂ ಬಳಕೆಗೆ ಸಿಗುವ ಗಾತ್ರಕ್ಕೂ ಭೇದವುಂಟು. ತುಂಗಭದ್ರಾ ಜಲಾಶಯ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಸೀಸದ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚನ್ನು ದಿನವೂ ಬರಿದು ಮಾಡಿದರೆ ಅದಕ್ಕೂ ಬೇಗ ಹೂಳು ತುಂಬುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಿಂದ 600 ವಾಟ್-ಗಂಟೆ ತೆಗೆಯಬಹುದು. ಅಷ್ಟೇ ಗಾತ್ರದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ ಸುಮಾರು 1000 ತೆಗೆಯಬಹುದು. ತೂಕವೂ ಅದರ ಅರ್ಧದಷ್ಟು. ಬೆಲೆ ಹೆಚ್ಚೆಂಬುದು ನಿಜವಾದರೂ ಬಾಳಿಕೆ ಅದನ್ನು ತೀರಿಸುತ್ತದೆ. ಯಾವುದನ್ನೇ ಕೊಂಡರೂ ಅದು ಇಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ಬೇರೆಯಾಗಿಯೇ ಇರಬೇಕು. ರಾತ್ರಿಯೆಲ್ಲ ಹಾಲನ್ನು ತಂಪಾಗಿಟ್ಟು ಬೆಳಿಗ್ಗೆ ವಾಹನವನ್ನು ತಳ್ಳುವುದು ಯಾರಿಗೂ ಹಿತವಲ್ಲ.

ತಂತಿ, ಫ್ಯೂಸು, ತೂಬು

ಕಾಲುವೆ ಕಿರಿದಾದರೆ ಕೊನೆಯ ಹೊಲಕ್ಕೆ ನೀರು ಮುಟ್ಟದು. 12 ವೋಲ್ಟಿನ ವಿದ್ಯುತ್ತಿಗೆ ಸಣ್ಣ ತಂತಿ ಅಂಥ ಕಾಲುವೆ. ಬ್ಯಾಟರಿಯಿಂದ ಆರು ಮೀಟರ್ ದೂರದಲ್ಲಿರುವ ಪೆಟ್ಟಿಗೆಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ 5 ಆಂಪಿಯರ್ ಹರಿಯುವಾಗ ಹೋಗಿ ಬರುವ ದಾರಿಯಲ್ಲಿಯೇ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಪೆಟ್ಟಿಗೆಯು ಅದು ಬರಿದಾಗಿದೆಯೆಂದು ಭಾವಿಸಿ ನಿಂತುಬಿಡಬಹುದು. 4 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ. ಇನ್ವರ್ಟರು ಹಾಕಿ 230 ವೋಲ್ಟಿಗೆ ಏರಿಸಿ ಮತ್ತೆ ಇಳಿಸುವ ಸುತ್ತುಬಳಸು ಬೇಡವೇ ಬೇಡ. ದಾರಿಯ ಸುಂಕವಾಗಿ ನೂರಕ್ಕೆ ಹತ್ತು ಹದಿನೈದು ಪಾಲು ಹೋಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಳಚಿ ಕೊಚ್ಚಿಹೋದುದನ್ನು ನಾವಾರೂ ಮರೆತಿಲ್ಲ. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸುವವರೆಗೆ ರೈತರ ಜೀವ ಕೈಯಲ್ಲಿತ್ತು. ಕೂಡಿಟ್ಟ ಶಕ್ತಿ ದೊಡ್ಡದಾದಷ್ಟೂ ಅದನ್ನು ತಡೆಯುವ ಕೀಲು ಗಟ್ಟಿಯಾಗಿರಬೇಕು. ಬ್ಯಾಟರಿಯ ಎರಡು ತುದಿಗಳು ತಪ್ಪಿ ಕೂಡಿದರೆ ನೂರಾರು ಆಂಪಿಯರ್ ಒಮ್ಮೆಗೇ ನುಗ್ಗಿ ತಂತಿ ಕೆಂಡವಾಗುತ್ತದೆ. ಆದುದರಿಂದ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ತಕ್ಕ ಫ್ಯೂಸು ಇರಲೇಬೇಕು. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಲೇಟು. ಬಿಚ್ಚುವಾಗ ಮೊದಲು ಪ್ಲೇಟು, ಆಮೇಲೆ ಬ್ಯಾಟರಿ. ನೆತ್ತಿಯ ಮೇಲೆ ಪ್ಲೇಟನ್ನು ಶಾಶ್ವತವಾಗಿ ಬಿಗಿಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿವೇಕ. ವಾಹನದ ರಚನೆಯನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯಿದೆ ಒಪ್ಪುವುದಿಲ್ಲ.

ನೆರಳು ಬೇಕೋ, ಬಿಸಿಲು ಬೇಕೋ?

ಮಧ್ಯಾಹ್ನ ಇಟಗಿಯ ಗುಡಿಯ ಬಳಿ ವಾಹನ ನಿಂತಾಗ ಒಂದು ವಿಚಿತ್ರವಾದ ಜಗಳ ಹುಟ್ಟುತ್ತದೆ. ಜನರಿಗೂ ಪೆಟ್ಟಿಗೆಗೂ ಬೇವಿನ ನೆರಳು ಬೇಕು; ಪ್ಲೇಟಿಗೆ ಬಯಲ ಬಿಸಿಲು ಬೇಕು. ಪ್ಲೇಟಿನೊಳಗಿನ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಬಿಗಿದಿರುವುದರಿಂದ ಒಂದು ಕೊಂಬೆಯ ನೆರಳು ಮೂಲೆಗೆ ಬಿದ್ದರೂ ಒಟ್ಟು ಆದಾಯ ಬಹಳ ಕುಸಿಯುತ್ತದೆ. ಮಡಚುವ ಪ್ಲೇಟೊಂದನ್ನು ಉದ್ದನೆಯ ದಪ್ಪ ತಂತಿಯೊಡನೆ ಇಟ್ಟುಕೊಂಡರೆ ಜಗಳ ತೀರುತ್ತದೆ: ವಾಹನ ನೆರಳಿಗೆ, ಪ್ಲೇಟು ಬಯಲಿಗೆ.

ಬಿಸಿಲು ಹೆಚ್ಚಿದಷ್ಟೂ ಪ್ಲೇಟು ಹೆಚ್ಚು ಕೊಡುತ್ತದೆಂಬುದು ಪೂರ್ಣ ಸತ್ಯವಲ್ಲ. ಅದಕ್ಕೆ ಬೇಕಾದುದು ಬೆಳಕು, ಶಾಖವಲ್ಲ. ಪ್ಲೇಟಿನ ಮೈ 65 ಡಿಗ್ರಿಗೆ ಕಾದರೆ ಅದರ ಶಕ್ತಿಯಲ್ಲಿ ನೂರಕ್ಕೆ ಹದಿನೈದರಷ್ಟು ಕುಗ್ಗುತ್ತದೆ. ನೆತ್ತಿಯ ತಗಡಿಗೂ ಪ್ಲೇಟಿಗೂ ನಡುವೆ ಗಾಳಿಯಾಡಲು ನಾಲ್ಕು ಬೆರಳಿನ ಎಡೆ ಬಿಡಬೇಕು. ಧೂಳನ್ನು ಪ್ಲೇಟು ಕಾಯುವ ಮುನ್ನ, ಮುಂಜಾನೆಯೇ ಒರೆಸಬೇಕು. ಮೇ ತಿಂಗಳ ಮೊದಲಲ್ಲಿ ನಡುಮಧ್ಯಾಹ್ನದ ಸೂರ್ಯ ಕೊಪ್ಪಳದ ನೆತ್ತಿಯ ಮೇಲೆಯೇ ಇರುವುದರಿಂದ ಚಪ್ಪಟೆಯಾಗಿ ಮಲಗಿಸಿದರೆ ಸಾಕು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿಸುವುದು ಲಾಭ.

ಬ್ಯಾಟರಿಗೂ ಬೇಸಗೆ ಆಗದು. ಲಿಥಿಯಂ ಬ್ಯಾಟರಿಯನ್ನು ಸುಮಾರು 45 ಡಿಗ್ರಿ ಮೀರಿದಾಗ ಚಾರ್ಜು ಮಾಡಬಾರದೆಂದು ಅನೇಕ ತಯಾರಕರು ಎಚ್ಚರಿಸುತ್ತಾರೆ. ಬಾನೆಟ್ಟಿನೊಳಗೆ ಅದಕ್ಕೆ ಸ್ಥಳವಿಲ್ಲ. ಗಾಳಿಯಾಡುವ ಸೀಟಿನಡಿಯೇ ಲೇಸು. ಪೆಟ್ಟಿಗೆಯ ಗಾಳಿಗಂಡಿಗಳಿಗೆ ಹಾಸಿಗೆಯನ್ನು ಒತ್ತಿಡಬಾರದು. ಹೊರಡುವ ಹಿಂದಿನ ರಾತ್ರಿಯೇ ಮನೆಯ ವಿದ್ಯುತ್ತಿನಲ್ಲಿ ಅದನ್ನು ತಂಪಾಗಿಸಿ, ತಂಪಾದ ಸಾಮಾನನ್ನೇ ತುಂಬಬೇಕು.

ಬಿಸಿಲು ಹೇರಳವಾಗಿ, ಬ್ಯಾಟರಿ ತುಂಬಿದ ಮೇಲೆ ಮಿಕ್ಕ ವಿದ್ಯುತ್ತನ್ನು ವ್ಯರ್ಥ ಮಾಡಬೇಕಿಲ್ಲ. ಎರಡು ಖಾನೆಗಳ ಪೆಟ್ಟಿಗೆಯಾದರೆ ಒಂದರಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಬಹುದು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 93 ವಾಟ್-ಗಂಟೆಯಷ್ಟು ಶಾಖವನ್ನು ನುಂಗುತ್ತದೆ. ಬ್ಯಾಟರಿಯಿಲ್ಲದೆ ಬಿಸಿಲಿನಿಂದಲೇ ನಡೆಯುವ ಲಸಿಕೆಯ ಫ್ರಿಜ್ಜುಗಳಲ್ಲಿ ಅನೇಕವು ಹಗಲೆಲ್ಲ ಹೀಗೆಯೇ ತಂಪನ್ನು ಕೂಡಿಟ್ಟು ರಾತ್ರಿಯನ್ನು ನೀಗುತ್ತವೆ. ಆದರೆ ಇನ್ಸುಲಿನ್ನಿನ ಸೀಸೆ ಆ ಖಾನೆಗೆ ಸುಳಿಯಬಾರದು, ತಣ್ಣನೆಯ ಗೋಡೆಗೂ ತಾಗಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕಾದು ಕೆಟ್ಟುದರಷ್ಟೇ ನಿರುಪಯೋಗಿ. ಅದರ ಪಕ್ಕದಲ್ಲಿ ಒಂದು ಚಿಕ್ಕ ಥರ್ಮಾಮೀಟರು ಇರಲಿ. ಪೆಟ್ಟಿಗೆಯ ಮುಖದ ಮೇಲಿನ ಅಂಕಿ ಒಳಗಿನ ಎಲ್ಲ ಮೂಲೆಗಳ ಮಾತನ್ನೂ ಹೇಳುವುದಿಲ್ಲ.

ಮುಂಗಾರಿನ ಮೋಡಗಳಲ್ಲಿ ಸೂರ್ಯನನ್ನೇ ನೆಚ್ಚುವಂತಿಲ್ಲ. ಆಗ ಇಂಜಿನ್ ನಡೆಯುವಾಗ ಎರಡನೆಯ ಬ್ಯಾಟರಿಯನ್ನು ತುಂಬುವ 20 ಆಂಪಿಯರಿನ ಡಿಸಿ ಚಾರ್ಜರು ಆಪದ್ಬಂಧು. ಕುಷ್ಟಗಿಯಿಂದ ಗಂಗಾವತಿಗೆ ಹೋಗಿ ಅಲ್ಲಿಂದ ಕೊಪ್ಪಳಕ್ಕೆ ಬರುವ ಎರಡು ಗಂಟೆಗಳ ಓಟದಲ್ಲಿ ಅದು 500 ವಾಟ್-ಗಂಟೆ ಕೂಡಿಸಿಕೊಡುತ್ತದೆ.

ಇಷ್ಟಕ್ಕೂ ಈ ಏರ್ಪಾಡಿನಲ್ಲಿ ಮಂತ್ರವೇನೂ ಇಲ್ಲ. ಫ್ರಿಜ್ಜನ್ನು ತಂಗಳಪೆಟ್ಟಿಗೆಯೆಂದು ಹಾಸ್ಯ ಮಾಡುವ ನಮ್ಮ ಜನಕ್ಕೆ, ಬರಗಾಲ ಕಂಡ ಯಲಬುರ್ಗಾ, ಕುಷ್ಟಗಿಗಳ ಒಕ್ಕಲಿಗೆ, ಕೊಡ ನೀರನ್ನು ಎಣಿಸಿ ಬಳಸುವುದು ಹೊಸದಲ್ಲ. ಅದೇ ಎಣಿಕೆಯನ್ನು ವಾಟ್-ಗಂಟೆಗೆ ಹಚ್ಚಿದರೆ ಸಾಕು. ಮೊದಲು ಖರ್ಚನ್ನು ಬರೆಯಿರಿ, ಆಮೇಲೆ ಬ್ಯಾಟರಿಯನ್ನು ಅಳೆಯಿರಿ, ಕೊನೆಗೆ ಪ್ಲೇಟನ್ನು ಕೊಳ್ಳಿರಿ. ಹೀಗೆ ಲೆಕ್ಕವಿಟ್ಟು ಹೊರಟವರು, ಹಿರಿಯರನ್ನು ಮನೆಯಲ್ಲಿ ಬಿಟ್ಟು ಬರಬೇಕಾದ ಕಾರಣವಿಲ್ಲದೆ, ಅವರನ್ನೂ ಕರೆದುಕೊಂಡು ಹಿರೇಬೆಣಕಲ್ಲಿನ ಬುಡದವರೆಗೆ ನಿಶ್ಚಿಂತೆಯಿಂದ ಹೋಗಿಬರಬಹುದು.