ಆಂಗ್ಲರ ಮನೆಗಳ ಕರಿಯ ಸ್ಟೌಟು

ಸ್ಟೌಟೆಂಬುದು ಕಾಫಿಯ ಕಷಾಯದಂತೆ ಕರ್ರಗಿರುವ ಒಂದು ಬಗೆಯ ಬಿಯರು. ಬಣ್ಣವು ಕಪ್ಪಾದಷ್ಟೂ ಮದ್ಯವು ಕಡುಪಾದುದೆಂದು ಅನೇಕರು ಭಾವಿಸುವರು. ಇದು ತಪ್ಪು ತಿಳಿವಳಿಕೆಯೆಂಬುದು ಅದನ್ನು ತಯಾರಿಸುವ ಕ್ರಮವನ್ನು ನೋಡಿದರೆ ವಿಶದವಾಗುವುದು.

ರಾಗಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಆಂಗ್ಲರು ಬಾರ್ಲಿಯನ್ನು ಬಹುಮಟ್ಟಿಗೆ ಹೀಗೆಯೇ ಸಂಸ್ಕರಿಸುವರು. ಅದಕ್ಕೆ ಮಾಲ್ಟೆಂದು ಹೆಸರು. ಮೊಳೆತ ಕಾಳಿಗೆ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ಶಕ್ತಿಯುಂಟು; ಕಪ್ಪಾಗುವಂತೆ ಹುರಿದರೆ ಆ ಶಕ್ತಿಯು ನಾಶವಾಗುವುದು. 18ನೆಯ ಶತಮಾನದ ಲಂಡನ್ನಿನವರು ಕಂದು ಮಾಲ್ಟಿನಿಂದ ಪೋರ್ಟರೆಂಬ ಬಿಯರನ್ನು ಮಾಡುತ್ತಿದ್ದರು. ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರಾಮೀಟರು ಬಳಕೆಗೆ ಬಂದ ಮೇಲೆ, ತಿಳಿಬಣ್ಣದ ಮಾಲ್ಟೇ ಹೆಚ್ಚು ಸತ್ತ್ವವನ್ನು ಕೊಡುವುದೆಂದು ಅವರಿಗೆ ಗೊತ್ತಾಯಿತು. 1817ರಲ್ಲಿ ಡೇನಿಯಲ್ ವೀಲರನು ಮಾಲ್ಟನ್ನು ಕಾಫಿಬೀಜದಂತೆ ಹುರಿಯುವ ಯಂತ್ರಕ್ಕೆ ಪೇಟೆಂಟು ಪಡೆದನು. ಅಲ್ಲಿಂದ ಮುಂದೆ ಬಲಕ್ಕೆ ತಿಳಿಮಾಲ್ಟು, ಬಣ್ಣಕ್ಕೆ ಸ್ವಲ್ಪ ಕರಿಮಾಲ್ಟು ಎಂಬ ಪದ್ಧತಿ ನೆಲೆಗೊಂಡಿತು.

ಮನೆಯಲ್ಲಿ 20 ಲೀಟರು ಕಡು ಸ್ಟೌಟನ್ನು ಮಾಡುವವರು ಸುಮಾರು 8 ಕಿಲೋ ತಿಳಿಮಾಲ್ಟಿಗೆ ಅರ್ಧದಿಂದ 1 ಕಿಲೋದಷ್ಟು ಹುರಿದ ಬಾರ್ಲಿಯನ್ನು ಬೆರೆಸುವರು. ಜಜ್ಜಿದ ಕಾಳನ್ನು ಸುಮಾರು 66 ಡಿಗ್ರಿ ಸೆಂಟಿಗ್ರೇಡು ಶಾಖದ ನೀರಿನಲ್ಲಿ ಒಂದು ಗಂಟೆಯಿರಿಸಿ, ಸಿಹಿನೀರನ್ನು ಬಸಿದು, ಹಾಪ್ಸೆಂಬ ಬಳ್ಳಿಯ ಕಹಿಹೂವಿನೊಡನೆ ಕುದಿಸುವರು. ಅದು 20 ಡಿಗ್ರಿಯಷ್ಟಕ್ಕೆ ಆರಿದ ಮೇಲೆ ಯೀಸ್ಟನ್ನು ಹಾಕುವರು. ಪಾತ್ರೆಗಳು ಶುಚಿಯಾಗಿರದಿದ್ದರೆ ಎಲ್ಲವೂ ಹುಳಿತು ಕೆಡುವುದು. ಹುದುಗು ಪೂರ್ಣವಾಗಿ ಅಡಗುವ ಮೊದಲೇ ಸೀಸೆಗೆ ತುಂಬಿದರೆ ಒಳಗಿನ ವಾಯುವಿನ ಒತ್ತಡದಿಂದ ಸೀಸೆಯು ಸಿಡಿಯಬಹುದು. ತುಂಬಿದ ಮೇಲೆಯೂ ಕೆಲವು ತಿಂಗಳು ಕಾದರೆ ರುಚಿ ಹದವಾಗುವುದು.

ಹೀಗೆ ಮಾಡಿದುದರಲ್ಲಿ ಮದ್ಯಸಾರವು ನೂರಕ್ಕೆ 8ರಷ್ಟಿರಬಹುದು. ಅಷ್ಟೇ ಕಪ್ಪಾದ ಸಾಧಾರಣ ಸ್ಟೌಟಿನಲ್ಲಿ 4ರಷ್ಟು ಮಾತ್ರವಿರುವುದುಂಟು. ಕಣ್ಣಿಗೆ ಎರಡೂ ಒಂದೇ. ಅಂಗಡಿಯ ಸೀಸೆಗೆ ಚೀಟಿಯುಂಟು, ಮನೆಯ ಸೀಸೆಗಿಲ್ಲ. ಆದುದರಿಂದ ಹುದುಗುವ ಮೊದಲೂ ಅನಂತರವೂ ಹೈಡ್ರಾಮೀಟರಿನಿಂದ ಅಳೆದು, ಬಲವನ್ನು ಸೀಸೆಯ ಮೇಲೆ ಬರೆದಿಡುವುದು ಗೃಹಸ್ಥನ ಕರ್ತವ್ಯವಾಗಿದೆ. ತಿಳಿಯದೆ ಎರಡು ಲೋಟ ಕುಡಿದ ಅತಿಥಿಯು ನಾಲ್ಕರ ಫಲವನ್ನು ಅನುಭವಿಸುವನು.

ಇಂಗ್ಲೆಂಡಿನಲ್ಲಿ 1880ರ ಶಾಸನವು ಮನೆಯ ಬಿಯರಿಗೂ ಲೈಸೆನ್ಸನ್ನು ವಿಧಿಸಿತ್ತು. 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗರು ಅದನ್ನು ತೆಗೆದುಹಾಕಿದರು. ಕರ್ನಾಟಕದಲ್ಲಾದರೋ 1965ರ ಅಬಕಾರಿ ಶಾಸನದಂತೆ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮ್ಮ ವಾಚಕರು ಇದನ್ನು ತಿಳಿವಳಿಕೆಗಾಗಿ ಓದಿ, ಮೊಳಕೆ ಬರಿಸುವ ವಿದ್ಯೆಯನ್ನು ರಾಗಿಗೇ ಮೀಸಲಿಡುವುದು ಲೇಸು.